ಅರ್ಥ ಉಲ್ಟಾ

ನಲವತ್ತು ದಾಟಿ, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿ, ಓದುವುದಕ್ಕೆ ಕನ್ನಡಕ ಬಂದರೂ ಅವನನ್ನು ಎಲ್ಲರೂ ಸಣ್ಣ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅಂಗಡಿಯಲ್ಲಿ ದೊಡ್ಡ ಮೇಸ್ತ್ರಿ ಅಂತ ಅಪ್ಪ ಒಬ್ಬರು ಇರುವವರೆಗೆ ಮಗನಿಗೆ ಬೇರೆ ಹೆಸರು ಸಿಗುವ ಹಾಗಿರಲಿಲ್ಲ. ಗಾಡಿಗಳ ಬ್ಯಾಟರಿ, ಡೈನಮೊ, ವೈರಿಂಗು, ಸೆಲ್ಫ್ ಮೋಟರು ರಿಪೇರಿ ಮಾಡುವ ಅಂಗಡಿ ಅದು. ಕೆಳಗೆ ಶೆಡ್ಡು, ಮೇಲೆ ಮನೆ, ನಡುವೆ ಕೈಹಿಡಿ ಇಲ್ಲದ ಕಿರಿದಾದ ಮೆಟ್ಟಿಲು. ಈಗಿನ ಕಾರುಗಳಿಗೆ ಕಂಪ್ಯೂಟರ್ ಹಚ್ಚಿ ದೋಷ ಹಿಡಿಯುವುದರಲ್ಲಿ ಸಣ್ಣ ಮೇಸ್ತ್ರಿ ಎತ್ತಿದ ಕೈ. ಹಾಗಿದ್ದೂ ಬಾಗಿಲಿಗೆ ಬಂದವರು ಮೊದಲು ಕೇಳುತ್ತಿದ್ದದ್ದು "ದೊಡ್ಡೋರು ಇಲ್ವಾ?" ಎಂದು. ಅದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಚುಚ್ಚುತ್ತದೆ ಎಂದು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ.

ದೊಡ್ಡ ಮೇಸ್ತ್ರಿ ಕಸುಬಿನ ಮಾತುಗಳನ್ನೆಲ್ಲ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದವರು. ಕಿಡಿ ಹುಟ್ಟಿಸುವ ಕಾಯಿಲ್ ಅವರ ಬಾಯಲ್ಲಿ ಕಾಯಿಲೆ. "ನಿಮ್ಮ ಗಾಡಿಗೆ ಕಾಯಿಲೆ ಹೋಗಿದೆ, ಹೊಸಾ ಕಾಯಿಲೆ ಹಾಕ್ಬೇಕು" ಎಂದು ಅವರು ಗಂಭೀರವಾಗಿ ಹೇಳಿದರೆ ಗಿರಾಕಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಮೈಗೇ ಬಿಗಿಯುತ್ತಾರಲ್ಲ, ಆ ಅರ್ಥಿಂಗ್ ಅವರಿಗೆ ಬರೀ ಅರ್ಥ. ಎಂಥ ಗಾಡಿಯೇ ಬರಲಿ, ಎಂಥ ದೂರೇ ಇರಲಿ, "ಮೊದಲು ಅರ್ಥ ನೋಡ್ಕೋ, ಆಮೇಲೆ ಮಿಕ್ಕಿದ್ದು" ಎನ್ನುತ್ತಿದ್ದರು. ಕೆಲಸ ಕಲಿಯುವಾಗ ಮಗ ಈ ಮಾತನ್ನು ತಲೆಗೆ ಮೊಟಕಿಸಿಕೊಂಡೇ ಕಲಿತಿದ್ದ. ದೊಡ್ಡವನಾದ ಮೇಲೆ ಅವನಿಗೆ ಅದೇ ಮಾತು ಗಿರಾಕಿಗಳ ಎದುರು ನಾಚಿಕೆ ತರುತ್ತಿತ್ತು. ತಾನು ಮಾತ್ರ ಅರ್ಥಿಂಗ್ ಎಂದು ಒತ್ತಿ ಹೇಳುತ್ತಿದ್ದ.

ಹಿಂದಿನ ವರ್ಷ ದೊಡ್ಡ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮಾತು ಒಂದೆರಡು ಪದಕ್ಕೆ ಇಳಿಯಿತು. ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ಎರಡು ಸಂಗತಿ ಹೇಳಿದ್ದರು. ಮಾತು ಏರುಪೇರಾಗಬಹುದು ಎನ್ನುವುದು ಒಂದು. ತಲೆಯೊಳಗೆ ಎಲ್ಲವೂ ಮೊದಲಿನಂತೆಯೇ ಇದೆ ಎನ್ನುವುದು ಇನ್ನೊಂದು. ಮನೆಗೆ ಬರುವಷ್ಟರಲ್ಲಿ ಇವರು ಮೊದಲನೆಯದನ್ನು ಮಾತ್ರ ಉಳಿಸಿಕೊಂಡಿದ್ದರು. ಅದಾದ ಮೇಲೆ ಮುದುಕರು ಏನಂದರೂ ಸರಿ, ಸೊಸೆ "ಹೂಂ ಮಾವ" ಎನ್ನುತ್ತಿದ್ದಳು, ಮಗ ಅದನ್ನೂ ಎನ್ನುತ್ತಿರಲಿಲ್ಲ. ಆದರೂ ಅವರು ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ಕೆಲಸದ ಮೇಜಿನ ಪಕ್ಕದ ಮರದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವರ ಬದುಕಿನಲ್ಲಿ ಉಳಿದಿದ್ದ ದೊಡ್ಡ ಸುಖ ಆ ಸ್ಟೂಲು.

ವಕೀಲರ ಹಳೇ ಕಾರು ಬಂದದ್ದು ಇಂಥ ದಿನಗಳಲ್ಲಿ. ಕೆನೆ ಬಣ್ಣದ, ದುಂಡು ದೀಪದ, ಅಂಗಡಿಗಿಂತ ವಯಸ್ಸಾಗಿರುವಂತೆ ಕಾಣುವ ಕಾರು. ಅದರ ಮೊದಲ ಒಡೆಯರು ವಕೀಲರ ತಂದೆ, ಮೊದಲ ರಿಪೇರಿಯವರು ದೊಡ್ಡ ಮೇಸ್ತ್ರಿ. ಹಳೇ ಕಾರು ಸಾಕಿಕೊಂಡವರ ಒಂದು ಬಳಗವೇ ಊರಲ್ಲಿತ್ತು, ವಕೀಲರು ಅದರ ಯಜಮಾನ. ಅವರು ಕೈ ತೋರಿಸಿದ ಅಂಗಡಿಗೆ ಉಳಿದವರು ಬರುತ್ತಿದ್ದರು.

"ಚಾರ್ಜ್ ಸಾಲ್ತಿಲ್ಲ" ಎಂದು ಹೇಳಿ ಬಿಟ್ಟುಹೋಗಿದ್ದರು. ದೊಡ್ಡ ಮೇಸ್ತ್ರಿ ಸ್ಟೂಲು ಬಿಟ್ಟೆದ್ದು, ಮಗ ಬೇಡ ಬೇಡ ಎನ್ನುತ್ತಿರುವಾಗಲೇ ಡೈನಮೊ ಬಿಚ್ಚಿಸಿಕೊಂಡು ಮೇಜಿನ ಮೇಲೆ ಇಡಿಸಿಕೊಂಡರು. ಅದರೊಳಗಿನ ಕರೆಂಟು ಹೊರತರುವ, ಸವೆದ ಕಾರ್ಬನ್ ಬ್ರಷ್ ತೆಗೆದು, ಹೊಸದನ್ನು ಎಡಗೈಯಲ್ಲೇ ಉಜ್ಜಿ ಉಜ್ಜಿ ಹದ ಮಾಡಿ ಕೂರಿಸಿದರು. ಮಗ ಹತ್ತು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಅವರಿಗೆ ಇಡೀ ಬೆಳಗ್ಗೆ ಹಿಡಿಯಿತು. ಮುಗಿದ ಮೇಲೆ ಅವರ ಮುಖದ ಸರಿಯಿರುವ ಅರ್ಧ ಅರಳಿತ್ತು. ಮಧ್ಯಾಹ್ನ ಅವರು ಊಟಕ್ಕೆ ಮೇಲೆ ಹೋದಾಗ ಸಣ್ಣ ಮೇಸ್ತ್ರಿ ಹಳೇ ಬ್ಯಾಟರಿ ಎತ್ತಿ ಹೊಸದು ಇಟ್ಟ. ಕ್ಲಾಂಪುಗಳು ಯಾಕೋ ಹಟ ಮಾಡಿದವು. ಒಂದು ಸಡಿಲ, ಇನ್ನೊಂದು ಬಿಗಿ. ಬಿಗಿಯಾದದ್ದನ್ನು ಸ್ಕ್ರೂಡ್ರೈವರ್ ತೂರಿಸಿ ಅಗಲಿಸಿ ಬಡಿದ. ಸಡಿಲವಾದದ್ದಕ್ಕೆ ಪೌಡರ್ ಡಬ್ಬಿಯ ತಗಡು ಕತ್ತರಿಸಿ ಸುತ್ತಿದ. ಕಾರು ಸ್ಟಾರ್ಟ್ ಆಯಿತು, ಹಾರ್ನು ಕೂಗಿತು, ದೀಪ ಉರಿಯಿತು. ಅಷ್ಟು ಸಾಕಲ್ಲ.

ಸಾಲಲಿಲ್ಲ. ವಾರ ಕಳೆಯುವುದರೊಳಗೆ ಅದೇ ಕಾರು ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ವಕೀಲರು ಕೋಟು ಕೈಮೇಲೆ ಹಾಕಿಕೊಂಡು ಇಳಿದರು.

"ಏನಾಯ್ತು ಸಾರ್?"

"ಏನಾಗ್ಬಾರ್ದೋ ಅದೆಲ್ಲಾ ಆಯ್ತು. ಏರಿನಲ್ಲಿ ಕೆಮ್ತು. ಚಾರ್ಜಿನ ಕೆಂಪು ದೀಪ ಆರೋದೇ ಇಲ್ಲ, ಜೋರಾಗಿ ಹೋದಷ್ಟೂ ಜೋರಾಗಿ ಉರಿಯುತ್ತೆ. ಕೊನೆಗೆ ಕೋರ್ಟಿನ ಗೇಟಲ್ಲಿ ನಿಂತ್ಕೊಳ್ತು. ಯಾರು ಬಂದು ತಳ್ಳಿದ ಗೊತ್ತೇನ್ರೀ? ಯಾರ ಮೇಲೆ ಕೇಸು ಹಾಕಿದೀನೋ ಅವನೇ ಬಂದು ತಳ್ಳಿದ. ನಗ್ತಾ ತಳ್ಳಿದ."

ಸಣ್ಣ ಮೇಸ್ತ್ರಿ ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟು ಎಂಜಿನ್ ಎಬ್ಬಿಸಿ, ಬಾನೆಟ್ಟಿನೊಳಗೆ ತಲೆ ತೂರಿಸಿದ. ಪ್ಲಗ್ಗಿನ ವೈರು ಕಿತ್ತು ಕಿಡಿ ನೋಡಿದ. ಇದ್ದೂ ಇಲ್ಲದ ಹಾಗಿತ್ತು. ಡೈನಮೊಗೂ ಬ್ಯಾಟರಿಗೂ ನಡುವೆ ಬಾಗಿಲು ಕಾಯುವ ಕಟೌಟ್ ಡಬ್ಬಿ ಟಕಟಕ ಎಂದು ಹಲ್ಲು ಕಡಿಯುತ್ತಿತ್ತು. ಒಳಗೆ ಕೂತು ದೊಡ್ಡ ದೀಪ ಹಾಕಿ ಚಾರ್ಜ್ ತೋರಿಸುವ ಮೀಟರು ನೋಡಿದ. ಮುಳ್ಳು ಚಾರ್ಜಿನ ಕಡೆಗೇ ವಾಲಿತ್ತು. ಚಾರ್ಜ್ ಆಗುತ್ತಿದೆ, ಹಾಗಾದರೆ ಕೆಂಪು ದೀಪ ಯಾಕೆ? ಒಂದು ಸಾಕ್ಷಿ ಆಗುತ್ತಿದೆ ಎನ್ನುತ್ತಿತ್ತು, ಇನ್ನೊಂದು ಇಲ್ಲ ಎನ್ನುತ್ತಿತ್ತು. ವಕೀಲರು ಹಿಂದೆಯೇ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಸ್ಟೂಲಿನ ಕಡೆಯಿಂದ ದನಿ ಬಂತು. "ಅರ್ಥ."

ಯಾರೂ ತಿರುಗಲಿಲ್ಲ.

"ಅರ್ಥ... ಉಲ್ಟಾ." ದೊಡ್ಡ ಮೇಸ್ತ್ರಿ ಎಡಗೈ ಎತ್ತಿ, ಅಂಗೈಯನ್ನು ಮೇಲೆ ಮಾಡಿ ಕೆಳಗೆ ಮಾಡಿ ತೋರಿಸುತ್ತಿದ್ದರು.

"ಏನಂತೆ?" ಎಂದರು ವಕೀಲರು.

"ಏನಿಲ್ಲ ಸಾರ್, ಅವರ ಮಾತು ಹಿಂಗೇ" ಎಂದ ಸಣ್ಣ ಮೇಸ್ತ್ರಿ. ಆಮೇಲೆ, ಹೇಳಬಾರದಿತ್ತು, ಹೇಳಿಬಿಟ್ಟ. "ನಿಜ ಹೇಳ್ತೀನಿ ಸಾರ್. ಡೈನಮೊ ಕೆಲಸ ಮಾಡಿದ್ದು ನಾನಲ್ಲ, ಅಪ್ಪ. ಇರೋದು ಒಂದೇ ಕೈ. ಬೇಡ ಅಂದ್ರೆ ಕೇಳಲ್ಲ. ಬ್ರಷ್ಷೋ ವೈರೋ ಎಲ್ಲೋ ಎಡವಟ್ಟು ಮಾಡಿದಾರೆ. ನಾನು ಬಿಟ್ಟಿದ್ದೇ ತಪ್ಪು."

"ಉಲ್ಟಾ!" ದೊಡ್ಡ ಮೇಸ್ತ್ರಿ ಸ್ಟೂಲಿನ ಅಂಚಿಗೆ ಗುದ್ದಿದರು. "ಅರ್ಥ ಉಲ್ಟಾ."

"ನೋಡಿ ಸಾರ್. ನಾವು ಹೇಳಿದ್ದು ಅವರಿಗೆ ಉಲ್ಟಾ ಅರ್ಥ ಆಗುತ್ತೆ, ಅವರು ಹೇಳಿದ್ದು ನಮಗೆ ಅರ್ಥಾನೇ ಆಗಲ್ಲ."

ವಕೀಲರು ನಕ್ಕರು. ಮರ್ಯಾದೆಗೆ ಸಣ್ಣಗೆ ನಕ್ಕರು, ಆದರೆ ನಕ್ಕರು. ಆ ನಗು ಸಣ್ಣ ಮೇಸ್ತ್ರಿಗೆ ಹಿತವಾಯಿತು. ತಾನೊಬ್ಬ ಬುದ್ಧಿವಂತ, ತನ್ನ ಮನೆಯಲ್ಲೊಂದು ಕಷ್ಟ, ಅದನ್ನು ವಕೀಲರು ಬಲ್ಲರು ಎನ್ನುವ ಹಿತ.

"ಅಪ್ಪ, ಮೇಲೆ ಹೋಗು" ಎಂದ. "ಸಾಕು. ಇನ್ಮೇಲೆ ಕೆಳಗೆ ಬರ್ಬೇಡ."

ದೊಡ್ಡ ಮೇಸ್ತ್ರಿ ವಕೀಲರನ್ನು ನೋಡಿದರು, ಕಾರನ್ನು ನೋಡಿದರು. ಮಗನನ್ನು ನೋಡಲಿಲ್ಲ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ವಕೀಲರು ಸಂಕಟದಿಂದ, "ಪಾಪ, ವಯಸ್ಸಾಯ್ತು" ಎಂದರು. ವಕೀಲರೂ ಹೋದ ಮೇಲೆ ಸಣ್ಣ ಮೇಸ್ತ್ರಿ ಆ ಸ್ಟೂಲಿನ ಮೇಲೆ ಬಲ್ಬುಗಳ ಪೆಟ್ಟಿಗೆ ತಂದಿಟ್ಟ. ಅಪ್ಪ ಇಳಿದು ಬಂದರೂ ಕೂರುವುದಕ್ಕೆ ಜಾಗ ಇರಬಾರದು ಎಂದೇ ಇಟ್ಟ.

ಅಲ್ಲಿಂದ ಮುಂದೆ ಕಾರು ಅವನನ್ನು ಆಟ ಆಡಿಸಿತು. ಪಾಯಿಂಟು ಉಜ್ಜಿ ಅಂತರ ಸರಿಮಾಡಿದ. ಕಂಡೆನ್ಸರ್ ಬದಲಾಯಿಸಿದ. ಪ್ಲಗ್ಗುಗಳನ್ನು ತೊಳೆದ. ಬ್ಯಾಟರಿಯನ್ನು ಚಾರ್ಜಿಗಿಟ್ಟು ತುಂಬಿಸಿ ತಂದು, ಮೊದಲಿನಂತೆಯೇ ತಗಡು ಸುತ್ತಿ ಬಿಗಿದ. ಹೊಸ ಕಾಯಿಲ್ ತಂದು ಹಾಕಿದ. ಕಿಡಿ ಚುರುಕಾಯಿತು, ಅವನ ಮುಖವೂ ಅರಳಿತು. ದೀಪಗಳನ್ನೆಲ್ಲ ಹಾಕಿ ಎಂಜಿನ್ ಓಡಲು ಬಿಟ್ಟು ಕಾದರೆ, ಮಧ್ಯಾಹ್ನದ ಹೊತ್ತಿಗೆ ಕಿಡಿ ಮತ್ತೆ ಮಂಕು. ಮೀಟರಿನ ಮುಳ್ಳು ಮಾತ್ರ ಚಾರ್ಜ್ ಚಾರ್ಜ್ ಎನ್ನುತ್ತಲೇ ಇತ್ತು.

ಕೊನೆಗೆ ಡೈನಮೊಗೇ ಕೈ ಹಾಕಿದ. ಅಪ್ಪನ ತಪ್ಪು ಅಲ್ಲಿ ಸಿಗುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಬಿಚ್ಚಿದ. ಬ್ರಷ್ಷುಗಳು ತಮ್ಮ ಗೂಡಿನಲ್ಲಿ ಮೇಲೆ ಕೆಳಗೆ ನುಣ್ಣಗೆ ಆಡುತ್ತಿದ್ದವು. ತಾಮ್ರದ ಪಟ್ಟಿಗಳ ನಡುವಿನ ಒಂದೊಂದು ಗೀರನ್ನೂ ಯಾರೋ ಕೂತು ಕೆರೆದು ಸ್ವಚ್ಛ ಮಾಡಿದ್ದರು. ಎರಡು ಕೈ ಇರುವ ತಾನೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಸಂತೋಷಪಡಬೇಕಾದ ಮನುಷ್ಯನಿಗೆ ಸಿಟ್ಟು ಬಂತು. ಅಪ್ಪನದು ತಪ್ಪಿಲ್ಲ ಎಂದಾದರೆ ವಕೀಲರ ಎದುರು ಆಡಿದ ಮಾತನ್ನು ಎಲ್ಲಿಡುವುದು? ಅವನು ಅದನ್ನು ಹಾಗೇ ಮುಚ್ಚಿ ಜೋಡಿಸಿ, ಹೊರಗೆ ಕಾಣದ ದೋಷ ಒಳಗೆಲ್ಲೋ ಇದೆ ಎಂದು ತನಗೆ ತಾನೇ ಹೇಳಿಕೊಂಡ.

ಮೇಲಿನ ಮನೆಯಲ್ಲಿ ಬೇರೆಯದೇ ಗಲಾಟೆ ನಡೆದಿತ್ತು. ಊಟಕ್ಕೆ ಕೂತಾಗ ಹೆಂಡತಿ ದನಿ ತಗ್ಗಿಸಿ ಹೇಳಿದಳು.

"ರೀ, ಮಾವನಿಗೆ ಏನೋ ಆಗಿದೆ. ಟೀವಿ ರಿಮೋಟಿನ ಸೆಲ್ ತೆಗೆದು ಉಲ್ಟಾ ಹಾಕಿ ನನ್ನ ಕೈಗೆ ಕೊಟ್ರು. ನಾನು ಸರಿ ಮಾಡಿ ಇಟ್ಟೆ. ಮತ್ತೆ ಉಲ್ಟಾ ಹಾಕಿ ತಂದುಕೊಟ್ರು. ಕೊಟ್ಟು ನನ್ನ ಮುಖಾನೇ ನೋಡ್ತಾ ನಿಂತ್ರು. ಗೋಡೆ ಗಡಿಯಾರ ನಿಂತಿದೆ ಅಂತ ಇಳಿಸಿ ನೋಡಿದ್ರೆ ಅದರದ್ದೂ ಹಂಗೇ. ಕುರ್ಚಿ ಹತ್ತಿದ್ರೋ ಏನು ಮಾಡಿದ್ರೋ, ಬಿದ್ದಿದ್ರೆ ಏನು ಗತಿ?"

ಸಣ್ಣ ಮೇಸ್ತ್ರಿ ಒಳಕೋಣೆಯ ಕಡೆ ನೋಡಿದ. ದೊಡ್ಡ ಮೇಸ್ತ್ರಿ ಮಂಚದ ಮೇಲೆ ಕೂತು ಅವನನ್ನೇ ನೋಡುತ್ತಿದ್ದರು. ಅವರ ಎಡಗೈ ಅಂಗೈ ಮೇಲೆ, ಅಂಗೈ ಕೆಳಗೆ ಆಡುತ್ತಿತ್ತು. ತಲೆಯೂ ಹೋಯಿತು ಎಂದುಕೊಂಡ. ಅದಕ್ಕಿಂತ ಮುಂಚೆ ಬಂದ ಯೋಚನೆ ಇನ್ನೊಂದಿತ್ತು: ಇದು ನಾಲ್ಕು ಜನಕ್ಕೆ ತಿಳಿದರೆ ಏನು ಕತೆ.

"ಯಾರ ಹತ್ರಾನೂ ಹೇಳ್ಬೇಡ" ಎಂದ. "ಅಂಗಡಿಯವರು, ಅಕ್ಕಪಕ್ಕದವರು, ಯಾರಿಗೂ ಗೊತ್ತಾಗ್ಬಾರ್ದು. ಸೆಲ್ ಎಲ್ಲಾ ಎತ್ತಿಡು."

"ಎತ್ತಿಡ್ತೀನಿ. ಆದ್ರೆ ನಿಮ್ಮನ್ನ ಕರೀತಿರ್ತಾರೆ ಕಣ್ರೀ. ಒಂದ್ಸಲ ಹೋಗಿ ಏನು ಅಂತ ಕೇಳಿ."

"ಕೇಳಿದ್ರೆ ಏನು ಅರ್ಥ ಆಗುತ್ತೆ?" ಎಂದು ಅವನು ಕೈ ತೊಳೆದುಕೊಂಡು ಕೆಳಗಿಳಿದ. ಒಳಕೋಣೆಯ ಬಾಗಿಲು ದಾಟುವಾಗ ನೆಲ ನೋಡುತ್ತಾ ದಾಟಿದ.

ಮಾರನೆಯ ಬೆಳಿಗ್ಗೆ ವಕೀಲರ ಫೋನು ಬಂತು. ಸಂಜೆ ಬರುತ್ತೇನೆ, ಆಗದಿದ್ದರೆ ಹೇಳಿಬಿಡಿ, ಬೇರೆ ಕಡೆ ನೋಡುತ್ತೇನೆ ಎಂದರು. ಸಣ್ಣ ಮೇಸ್ತ್ರಿ ಆಗುತ್ತೆ ಸಾರ್ ಎಂದ. ಇನ್ನು ಉಳಿದದ್ದು ಮೀಟರಿನ ಹಿಂದಿನ ವೈರಿಂಗು. ಸ್ಟಿಯರಿಂಗಿನ ಅಡಿಯಲ್ಲಿ ಅಂಗಾತ ಮಲಗಿಕೊಂಡು, ಕತ್ತಲಿದೆ ಎಂದು ಮೇಲಕ್ಕೆ ಕೂಗಿದ.

"ಟಾರ್ಚ್ ಕೊಡೇ!"

ಹೆಂಡತಿ ಟಾರ್ಚ್ ತಂದು ಕಾರಿನೊಳಗೆ ಚಾಚಿದ ಅವನ ಕೈಗೆ ಕೊಟ್ಟು ಹೋದಳು. ಒತ್ತಿದರೆ ಉರಿಯಲಿಲ್ಲ. ಅಂಗೈಗೆ ಕುಟ್ಟಿದ. ಉರಿಯಲಿಲ್ಲ. ಮಲಗಿದಲ್ಲೇ ಹಿಂದಿನ ಮುಚ್ಚಳ ತಿರುಗಿಸಿದ. ಸೆಲ್ಲುಗಳು ಜಾರಿ ಎದೆಯ ಮೇಲೆ ಬಿದ್ದವು, ಚಪ್ಪಟೆ ಬುಡದ ಬದಲು ಉಬ್ಬಿದ ತುದಿ ಮೊದಲು.

"ಇಲ್ಲೂ ಉಲ್ಟಾ" ಎಂದು ಗೊಣಗಿದ. "ಎಲ್ಲಾದಕ್ಕೂ ಉಲ್ಟಾ ಹಾಕ್ತಾ ಕೂತ್ರೆ ಇದಕ್ಕೇನಾದ್ರೂ ಅರ್ಥ..."

ಮಾತು ಅಲ್ಲಿಗೆ ನಿಂತಿತು. ತನ್ನ ಬಾಯಿಂದಲೇ ಎರಡು ಪದಗಳೂ ಹೊರಬಿದ್ದಿದ್ದವು. ಉಲ್ಟಾ. ಅರ್ಥ.

ಸೆಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಸೀಟಿನ ಮೇಲೆ ಎದ್ದು ಕೂತ. ಎಂಜಿನ್ ನಿಂತಿತ್ತು. ದೀಪದ ಸ್ವಿಚ್ ಎಳೆದ. ಮೀಟರಿನ ಮುಳ್ಳು ನಿಧಾನವಾಗಿ ಚಾರ್ಜಿನ ಕಡೆಗೆ ವಾಲಿತು. ಎಂಜಿನ್ ನಿಂತಿರುವಾಗ, ಡೈನಮೊ ತಿರುಗದೆ ಇರುವಾಗ, ದೀಪ ಕರೆಂಟು ಕುಡಿಯುತ್ತಿರುವಾಗ ಚಾರ್ಜ್ ಯಾವ ಲೋಕದಿಂದ ಬರುತ್ತದೆ? ಮುಳ್ಳು ಮೊದಲಿನಿಂದಲೂ ತಿರುವುಮುರುವಾಗಿ ತೋರಿಸುತ್ತಿತ್ತು. ಬ್ಯಾಟರಿ ಖಾಲಿಯಾಗುತ್ತಿದೆ ಎಂದು ಅದು ಹೇಳಿದಾಗಲೆಲ್ಲ ಇವನು ತುಂಬುತ್ತಿದೆ ಎಂದುಕೊಂಡಿದ್ದ.

ಇಳಿದು ಬಾನೆಟ್ ಎತ್ತಿದ. ಈಗಿನ ಗಾಡಿಗಳಲ್ಲೆಲ್ಲ ಮೈಗೆ ಬಿಗಿಯುವುದು ಬ್ಯಾಟರಿಯ ಮೈನಸ್ಸು. ಕಣ್ಣು ಮುಚ್ಚಿ ಹಾಗೇ ಬಿಗಿಯುವುದು ಅವನ ಕೈಗೆ ರೂಢಿ. ಈ ಕಾರಿನ ಕಾಲದ ಕೆಲವು ಗಾಡಿಗಳಲ್ಲಿ ಮೈಗೆ ಹೋಗುವುದು ಪ್ಲಸ್ಸು. ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಇದೇ ಶೆಡ್ಡಿನಲ್ಲಿ, ಬಹುಶಃ ಇದೇ ಕಾರಿನ ಮುಂದೆ, ತಲೆಗೆ ಮೊಟಕಿಸಿಕೊಂಡು ಕಲಿತದ್ದು. ಮೊದಲು ಅರ್ಥ ನೋಡ್ಕೋ. ಮೈಗೆ ಬಿಗಿದ ಬೋಲ್ಟಿನ ತಲೆಗೆ ಅಪ್ಪ ಯಾವತ್ತೋ ಬಳಿದ ಕೆಂಪು ಬಣ್ಣ ಇನ್ನೂ ಇತ್ತು, ಪ್ಲಸ್ ಇಲ್ಲಿ ಎಂದು ಹೇಳುತ್ತಾ. ಇವನು ಅದನ್ನು ತುಕ್ಕಿಗೆ ಹಚ್ಚಿದ್ದು ಎಂದುಕೊಂಡಿದ್ದ. ಬ್ಯಾಟರಿಯ ಪ್ಲಸ್ ಕಂಬ ದಪ್ಪ, ಮೈನಸ್ ಕಂಬ ಸಣ್ಣ; ಕ್ಲಾಂಪುಗಳು ಹಟ ಮಾಡಿದ್ದು ಅದಕ್ಕೇ. ಕಾರೇ ಬೇಡ ಬೇಡ ಎಂದಿತ್ತು, ಇವನು ಬಡಿದು ಕೂರಿಸಿದ್ದ. ಸುತ್ತಿದ ಪೌಡರ್ ಡಬ್ಬಿಯ ತಗಡಿನ ಮೇಲೆ ಒಂದು ಹೂವಿನ ಚಿತ್ರದ ಚೂರು ಕಾಣುತ್ತಿತ್ತು. ಅದು ಅವನ ಕೈಯ ಕೆಲಸ, ಇನ್ಯಾರದೂ ಅಲ್ಲ.

ಅವನಿಗೆ ನಾಚಿಕೆಯಾಯಿತು. ತಪ್ಪು ಮಾಡಿದ್ದಕ್ಕಾದರೆ ಸಹಿಸಬಹುದಿತ್ತು, ಕಸುಬಿನಲ್ಲಿ ತಪ್ಪು ಎಲ್ಲರೂ ಮಾಡುತ್ತಾರೆ. ಈ ಪದವನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ. ಹೊರಗಿನವರಿಗೆ ಗೊತ್ತಾಗದಿದ್ದರೆ ಸರಿ, ಪ್ರಪಂಚದಲ್ಲಿ ಈ ಒಂದು ಮಾತು ತಿಳಿಯಬೇಕಾಗಿದ್ದ ಮನುಷ್ಯ ಎಂದರೆ ಅವನೊಬ್ಬನೇ. ಅಪ್ಪನ ಮಾತಿಗೆ ಅರ್ಥವಿಲ್ಲ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಕೂತವನ ಕಿವಿಗೆ ಅದು ಬಿದ್ದೂ ಬೀಳಲಿಲ್ಲ. ಬಾಯಿ ಸೋತ ಮೇಲೆ ಮುದುಕರು ರಿಮೋಟು, ಗಡಿಯಾರ, ಟಾರ್ಚು ಹಿಡಿದುಕೊಂಡು ಮನೆಯೆಲ್ಲ ಓಡಾಡಿ ಅದನ್ನೇ ಕೂಗಿ ಹೇಳಿದ್ದರು. ಇವರು ಸೆಲ್ಲುಗಳನ್ನು ಎತ್ತಿಟ್ಟರು. ಸಣ್ಣ ಮೇಸ್ತ್ರಿ ಕಾರಿನ ಮಡ್‌ಗಾರ್ಡ್ ಹಿಡಿದುಕೊಂಡು ತುಂಬ ಹೊತ್ತು ನಿಂತ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಶೆಡ್ಡಿನ ಗಾರೆ ನೆಲ ಬಾಯಿಬಿಡಲಿಲ್ಲ.

ಬ್ಯಾಟರಿ ತಿರುಗಿಸಿ ಇಟ್ಟ. ತಗಡು ಕಿತ್ತೆಸೆದ. ಮೈಯ ಕ್ಲಾಂಪು ಪ್ಲಸ್ಸಿನ ದಪ್ಪ ಕಂಬದ ಮೇಲೆ ಬೆರಳಿಗೆ ಉಂಗುರದ ಹಾಗೆ ಕೂತಿತು. ಅಗಲಿಸಿ ಕೆಡಿಸಿದ್ದ ಇನ್ನೊಂದಕ್ಕೆ ಬೇರೆ ಕ್ಲಾಂಪು ಹಾಕಿದ. ಕಿತ್ತಿಟ್ಟಿದ್ದ ಹಳೇ ಕಾಯಿಲನ್ನೇ ವಾಪಸ್ ಬಿಗಿದ. ಇನ್ನುಳಿದದ್ದು ಡೈನಮೊ. ಯಾವ ಕಡೆ ಪ್ಲಸ್ಸು, ಯಾವ ಕಡೆ ಮೈನಸ್ಸು ಎಂಬ ಜ್ಞಾಪಕ ಅದರ ಕಬ್ಬಿಣದೊಳಗೆ ಇರುತ್ತದೆ. ಇಷ್ಟು ದಿನ ಉಲ್ಟಾ ಬ್ಯಾಟರಿಯ ಜೊತೆ ಗುದ್ದಾಡಿ ಅದಕ್ಕೂ ಮರೆವು ಬಂದಿರಬಹುದು. ಒಂದು ಕಿಡಿ ಮುಟ್ಟಿಸಿ ನೆನಪು ಮಾಡಿಕೊಡಬೇಕು. ಅದನ್ನು ಅವನೇ ಮಾಡಬಹುದಿತ್ತು. ಮಾಡಿ, ಕಾರು ತೊಳೆದು ನಿಲ್ಲಿಸಿದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದು ಸುಳ್ಳಲ್ಲ, ಅದರ ಜೊತೆ ಅವನು ಸ್ವಲ್ಪ ಹೊತ್ತು ಕೂತದ್ದೂ ಸುಳ್ಳಲ್ಲ.

ಆಮೇಲೆ ಎದ್ದು ಮೇಲೆ ಹೋದ. ದೊಡ್ಡ ಮೇಸ್ತ್ರಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಅಪ್ಪ" ಎಂದ. ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬಿಟ್ಟು ಬೇರೆಯದನ್ನೇ ಹೇಳಿದ. "ಡೈನಮೊಗೆ ಕಿಡಿ ಕೊಡ್ಬೇಕು. ಬಾ."

ಅವರು ತಿರುಗಿ ಅವನ ಮುಖ ನೋಡಿದರು. ಅಲ್ಲಿ ಏನಿತ್ತೋ, ಅವರಿಗೆ ಬೇರೆ ಮಾತು ಬೇಕಾಗಲಿಲ್ಲ. ಎದ್ದು ಅವನ ಹೆಗಲ ಮೇಲೆ ಎಡಗೈ ಇಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ "ಎಲ್ಲಿಗೆ?" ಎಂದು ಕೇಳಿದಳು.

"ಅಪ್ಪ ಹೇಳ್ತಿದ್ದಿದ್ದು ಸರಿ" ಎಂದ ಅವನು, ಅವಳ ಕಡೆ ನೋಡದೆ. "ಬ್ಯಾಟರಿ ಉಲ್ಟಾ ಹಾಕಿದ್ದು ನಾನು."

ಅವಳ ಕೈ ತಾನಾಗಿ ಬಾಯಿಗೆ ಹೋಯಿತು. "ಅಯ್ಯೋ ಮಾವ, ನಾನು ಸೆಲ್ ಎಲ್ಲಾ ಡಬ್ಬಿಯಲ್ಲಿ ಹಾಕಿ ಬೀಗ..." ಎಂದವಳು ಮುಂದೆ ಹೇಳಲಾರದೆ ಒಳಗೆ ಹೋದಳು.

ಶೆಡ್ಡಿಗೆ ಇಳಿದ ಕೂಡಲೇ ದೊಡ್ಡ ಮೇಸ್ತ್ರಿಯ ಕಣ್ಣು ಸ್ಟೂಲಿನ ಕಡೆ ಹೋಯಿತು. ಅದರ ಮೇಲೆ ಬಲ್ಬಿನ ಪೆಟ್ಟಿಗೆ ಕೂತಿತ್ತು. ಅವರು ನೇರ ಕಾರಿನ ಹತ್ತಿರ ಹೋಗಿ ನಿಂತರು. ಮಗ ಓಡಿಹೋಗಿ ಪೆಟ್ಟಿಗೆಯನ್ನು ಎತ್ತಿ ನೆಲಕ್ಕಿಟ್ಟ. ಇಡುವಾಗ ಒಳಗೆ ಒಂದೆರಡು ಬಲ್ಬು ಒಡೆದ ಸದ್ದಾಯಿತು.

ಡೈನಮೊದ ಸಣ್ಣ ವೈರು ಬಿಚ್ಚಿ, ಬ್ಯಾಟರಿಯಿಂದ ತಂದ ವೈರಿನ ತುದಿಯನ್ನು ಅವರ ಎಡಗೈಗೆ ಕೊಟ್ಟ. ಅವರು ಅದನ್ನು ಒಂದು ಕ್ಷಣ, ಬಿಸಿ ಹಂಚಿಗೆ ಬೆರಳು ತಾಗಿಸಿ ನೋಡುವಷ್ಟು ಹೊತ್ತು ಡೈನಮೊಗೆ ಮುಟ್ಟಿಸಿ ತೆಗೆದರು. ನೀಲಿ ಕಿಡಿ ಚಟ್ಟೆಂದಿತು. ವೈರು ಜೋಡಿಸಿ ಮಗ ಎಂಜಿನ್ ಎಬ್ಬಿಸಿದ. ವೇಗ ಕೊಟ್ಟ. ಕೆಂಪು ದೀಪ ಮಂಕಾಗಿ, ಇನ್ನೂ ಮಂಕಾಗಿ, ಆರಿತು. ಕಟೌಟ್ ಡಬ್ಬಿ ಒಂದೇ ಒಂದು ಸಲ ಟಕ್ ಎಂದು ಸುಮ್ಮನಾಯಿತು. ಎಂಜಿನ್ನಿನ ಕೆಮ್ಮು ಹೋಗಿತ್ತು. ದೊಡ್ಡ ಮೇಸ್ತ್ರಿ ತಲೆದೂಗಿ, ನಡೆದುಹೋಗಿ, ತಮ್ಮ ಸ್ಟೂಲಿನ ಮೇಲೆ ಕೂತರು.

ವಕೀಲರು ಬಂದಾಗ ಸಣ್ಣ ಮೇಸ್ತ್ರಿ ಕೈ ಒರೆಸುತ್ತಾ ನಿಂತಿದ್ದ. ಹೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು. ವಕೀಲರು ಕಾರಿನ ಸುತ್ತ ಒಂದು ಸುತ್ತು ಬಂದು, ಸದ್ದು ಕೇಳಿ, ಕಣ್ಣರಳಿಸಿದರು.

"ಭೇಷ್. ಏನಾಗಿತ್ರೀ?"

"ಸಾರ್, ಅದು..."

"ಡೈನಮೊ ತಾನೇ? ನೀವು ಅವತ್ತೇ ಹೇಳಿದ್ರಿ." ಅವರ ದೃಷ್ಟಿ ಸ್ಟೂಲಿನ ಮೇಲೆ ಬಿತ್ತು. ಕಿವುಡರ ಜೊತೆ ಮಾತಾಡುವ ಹಾಗೆ ದನಿ ಏರಿಸಿದರು. "ಮೇಸ್ತ್ರಿ, ಇನ್ನು ಸಾಕು, ಮನೇಲಿ ಆರಾಮಾಗಿರಿ. ಮಗ ನೋಡ್ಕೊಳ್ತಾನೆ." ಮತ್ತೆ ಇವನ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಿ. ಇದು ನಿಮ್ಮ ಕೈಯಿಂದ ಆಗಿದ್ರೆ ನಾನು ಬಳಗದವರಿಗೆಲ್ಲ ಬೇರೆ ಅಂಗಡಿ ತೋರಿಸ್ತಿದ್ದೆ. ವಯಸ್ಸಾದವರು ಮಾಡಿದ್ದು, ಬಿಡಿ."

ಸಣ್ಣ ಮೇಸ್ತ್ರಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಬಳಗದವರ ಹಳೇ ಕಾರುಗಳೆಲ್ಲ ಸಾಲಾಗಿ ಅವನ ಕಣ್ಣ ಮುಂದೆ ಹಾದುಹೋದವು. ಒಂದು ಗಳಿಗೆ, ಬರೀ ಒಂದು ಗಳಿಗೆ ಅವನು ತಡೆದ.

ಅಷ್ಟು ಸಾಕಾಯಿತು. ಸ್ಟೂಲಿನ ಕಡೆಯಿಂದ ದನಿ ಬಂತು.

"ನಂದೇ ತಪ್ಪು."

ವರ್ಷದಿಂದ ದೊಡ್ಡ ಮೇಸ್ತ್ರಿ ಇಷ್ಟು ಸ್ಪಷ್ಟವಾಗಿ ಮಾತಾಡಿರಲಿಲ್ಲ. ಯಾರೂ ಏನು ಏನು ಎಂದು ತಿರುಗಿ ಕೇಳಲಿಲ್ಲ. ಅವರು ಆಡಿದ ನಿಜ ಯಾರಿಗೂ ತಿಳಿದಿರಲಿಲ್ಲ, ಈ ಸುಳ್ಳು ವಕೀಲರಿಗೆ ಮೊದಲ ಸಲಕ್ಕೇ ತಿಳಿಯಿತು. "ಇರ್ಲಿ ಇರ್ಲಿ, ಮೇಸ್ತ್ರಿ" ಎನ್ನುತ್ತಾ ಅವರು ಕಾರು ಹತ್ತಿದರು.

ಕಾರು ಹಿಂದಕ್ಕೆ ಸರಿದು ರಸ್ತೆಗೆ ಇಳಿಯುವಷ್ಟರಲ್ಲಿ ಸಣ್ಣ ಮೇಸ್ತ್ರಿ ಓಡಿಹೋಗಿ ಕಿಟಕಿ ಹಿಡಿದುಕೊಂಡ.

"ಸಾರ್, ಅಪ್ಪಂದೇನೂ ತಪ್ಪಿಲ್ಲ. ಅವರ ಕೆಲಸ ಚಿನ್ನದಂಥದ್ದು. ಬ್ಯಾಟರಿ ಉಲ್ಟಾ ಹಾಕಿದ್ದು ನಾನು. ಅವರು ಅವತ್ತೇ ಹೇಳಿದ್ರು, ನಿಮ್ಮ ಎದುರಿಗೇ ಹೇಳಿದ್ರು. ನಾನು ಕೇಳಲಿಲ್ಲ. ಎಲ್ಲಾ ನಂದೇ ಸಾರ್."

ವಕೀಲರು ಅವನನ್ನು ನೋಡಿದರು. ಕಣ್ಣು ಕೆಂಪಾಗಿದ್ದ, ದನಿ ನಡುಗುತ್ತಿದ್ದ, ನಡುವಯಸ್ಸಿನ ಮಗ. ಅವರ ಮುಖ ಮೆತ್ತಗಾಯಿತು. ಕಿಟಕಿಯಿಂದ ಕೈ ಚಾಚಿ ಅವನ ತೋಳು ತಟ್ಟಿದರು.

"ಅರ್ಥ ಆಯ್ತು, ಅರ್ಥ ಆಯ್ತು ಬಿಡಿ. ತಂದೆ ಮರ್ಯಾದೆ ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೊಳ್ಳೋ ಮಗ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ? ನಾನು ದಿನಾ ಕೋರ್ಟಲ್ಲಿ ನೋಡ್ತೀನಲ್ಲ ಮಕ್ಕಳನ್ನ. ಇನ್ನು ನಿಮ್ಮನ್ನ ಸಣ್ಣ ಮೇಸ್ತ್ರಿ ಅನ್ನೋ ಹಾಗಿಲ್ಲ. ನೀವೇ ದೊಡ್ಡ ಮೇಸ್ತ್ರಿ."

"ಅಲ್ಲ ಸಾರ್, ಕೇಳಿ..."

ಕಾರು ಒಂಚೂರೂ ಕೆಮ್ಮದೆ ಏರು ಹತ್ತಿ ಹೋಯಿತು. ಇಷ್ಟು ವರ್ಷ ಯಾರ ಬಾಯಿಂದಲಾದರೂ ಬರಲಿ ಎಂದು ಕಾದಿದ್ದ ಹೆಸರು ಕಿವಿಯಲ್ಲಿ ಉಳಿದಿತ್ತು. ಅದನ್ನು ಒರೆಸಿ ಹಾಕಲು ಬಟ್ಟೆ ಇದ್ದಿದ್ದರೆ ಒರೆಸುತ್ತಿದ್ದ. ನಿಜ ಹೇಳಿದರೂ ತಪ್ಪು ಅಪ್ಪನ ತಲೆಯ ಮೇಲೇ ಉಳಿದು, ಹೊಗಳಿಕೆ ತನ್ನ ಪಾಲಿಗೆ ಬಂದಿತ್ತು.

ಒಳಗೆ ಬಂದು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತ. ಕಲಿಯುವ ಕಾಲದಲ್ಲಿ ಕೂರುತ್ತಿದ್ದ ಜಾಗ ಅದೇ.

"ಹೇಳ್ದ್ಯಾ?" ಎಂದರು ದೊಡ್ಡ ಮೇಸ್ತ್ರಿ.

"ಹೇಳ್ದೆ."

"ಏನಂದ್ರು?"

"ಅರ್ಥ ಆಯ್ತು ಅಂದ್ರು."

ದೊಡ್ಡ ಮೇಸ್ತ್ರಿ ಮಗನ ಮುಖವನ್ನೇ ನೋಡಿದರು. ನಡೆದದ್ದು ಏನೆಂದು ಅವರಿಗೆ ಆ ಮುಖದಲ್ಲೇ ತಿಳಿಯಿತು. ಸರಿಯಿರುವ ಅರ್ಧ ಬಾಯಿಯಿಂದ ನಗು ಹೊರಟಿತು, ಹೆಗಲು ಕುಲುಕಿತು, ಕಣ್ಣಲ್ಲಿ ನೀರು ಬಂತು. ಎಡಗೈ ಎತ್ತಿ ಅಂಗೈ ಮೇಲೆ ಮಾಡಿ ಕೆಳಗೆ ಮಾಡಿದರು.

"ಉಲ್ಟಾ" ಎಂದರು.

ಮಗನಿಗೆ ನಗು ಬರಲಿಲ್ಲ. ಆ ಕೈಯನ್ನು ಹಿಡಿದುಕೊಂಡು, ಅದರ ಮೇಲೆ ಹಣೆ ಇಟ್ಟುಕೊಂಡು, ತಲೆ ಎತ್ತಲಾರದೆ ಕೂತ.